1200 ಕ್ಯಾಲೊರಿ ಯಾರ ಲೆಕ್ಕ?

ಮನೆಯಲ್ಲಿ ನಿಕಾಹ್ ನಿಶ್ಚಯವಾಗಿ ದಿನ ಗೊತ್ತಾದ ಕೂಡಲೇ ತೂಕದ ಮಾತು ಶುರುವಾಗುತ್ತದೆ. ಮದುಮಗಳಿಗೆ ಮಾತ್ರವಲ್ಲ, ಆಕೆಯ ತಾಯಿಗೆ, ಚಿಕ್ಕಮ್ಮಂದಿರಿಗೆ, ಅಣ್ಣನಿಗೂ ಇಳಿಯಬೇಕೆಂಬ ಆಸೆ. ಅಷ್ಟರಲ್ಲಿ ಯಾರೋ ಸಂಬಂಧಿಕರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಡಯಟ್ ಚಾರ್ಟ್ ಕಳುಹಿಸುತ್ತಾರೆ. ಅದರ ತಲೆಯಲ್ಲಿ ದಪ್ಪ ಅಕ್ಷರಗಳಲ್ಲಿ 'ದಿನಕ್ಕೆ 1200 ಕ್ಯಾಲೊರಿ' ಎಂದಿರುತ್ತದೆ. ಅದು ಯಾರಿಗಾಗಿ ಬರೆದದ್ದು, ಆ ವ್ಯಕ್ತಿಯ ಎತ್ತರವೆಷ್ಟು, ವಯಸ್ಸೆಷ್ಟು, ಅವರಿಗೆ ಸಕ್ಕರೆ ಕಾಯಿಲೆ ಇತ್ತೇ, ಇದಾವುದನ್ನೂ ನಾವು ಕೇಳುವುದಿಲ್ಲ. ಅಂದೇ ಚಾರ್ಟನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿಬಿಡುತ್ತೇವೆ.

ನನ್ನ ಪರಿಚಯದ ಒಬ್ಬ ತಾಯಿ ಹೀಗೆಯೇ ಮಾಡಿದರು. ವಯಸ್ಸು 42, ಎತ್ತರ 155 ಸೆಂ.ಮೀ., ತೂಕ 74 ಕೆ.ಜಿ. ಮಗಳ ನಿಕಾಹ್‌ಗೆ ಮೂರು ತಿಂಗಳಿತ್ತು. ಮನೆಮಂದಿಗೆಲ್ಲ ಬಡಿಸಿ, ತಾನು ಎರಡು ಚಪಾತಿ, ಸೌತೆಕಾಯಿ ಹಿಡಿದು ಕೂರುತ್ತಿದ್ದರು. ಮೊದಲ ಹತ್ತು ದಿನಗಳಲ್ಲಿ ಮೂರು ಕೆ.ಜಿ. ಇಳಿಯಿತು. ಎಲ್ಲರೂ ಹೊಗಳಿದರು. ಒಂದೂವರೆ ತಿಂಗಳಾಗುವಾಗ ಒಲೆಯ ಮುಂದೆ ತಲೆ ಸುತ್ತಲಾರಂಭಿಸಿತು, ಮಕ್ಕಳ ಮೇಲೆ ಸಿಟ್ಟು ಹೆಚ್ಚಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾತ್ರೆಯಲ್ಲಿ ಉಳಿದ ಬಿರಿಯಾನಿಯನ್ನು ನಿಂತುಕೊಂಡೇ ತಿನ್ನುವ ಅಭ್ಯಾಸ ಬಂತು. ಮದುವೆ, ಔತಣಗಳೆಲ್ಲ ಮುಗಿದ ಮೇಲೆ ತೂಕ ನೋಡಿದರೆ 76 ಕೆ.ಜಿ! "ನನಗೆ ಮನಸ್ಸಿನ ಹಿಡಿತವೇ ಇಲ್ಲ" ಎಂದು ಅವರು ಇಂದಿಗೂ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ತಪ್ಪು ಅವರ ಮನಸ್ಸಿನದ್ದಲ್ಲ, ಆ ಸಂಖ್ಯೆಯದ್ದು ಎಂಬುದು ನನ್ನ ಅಭಿಪ್ರಾಯ. ತೂಕ ಇಳಿಸಲು ದಿನಕ್ಕೆಷ್ಟು ಕ್ಯಾಲೊರಿ ತಿನ್ನಬೇಕು ಎಂಬುದಕ್ಕೆ ಉತ್ತರ ಇನ್ನೊಬ್ಬರ ಚಾರ್ಟ್‌ನಲ್ಲಿಲ್ಲ. ಅದು ನಿಮ್ಮ ದೇಹದಿಂದ ಹೊರಡಬೇಕು, ಕಡಿತವು ಸಣ್ಣದಿರಬೇಕು, ಸಂಖ್ಯೆಯನ್ನು ತಿಂಗಳಿಗೊಮ್ಮೆ ತಿದ್ದಬೇಕು. ಹೇಗೆಂದು ನೋಡೋಣ.

ಸಂಖ್ಯೆ ಬಂದದ್ದೆಲ್ಲಿಂದ?

ಕ್ಯಾಲೊರಿ ಎಂದರೆ ಆಹಾರದಲ್ಲಿರುವ ಶಕ್ತಿಯ ಅಳತೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಒಂದು ಗ್ರಾಂ ಪ್ರೋಟೀನಿನಲ್ಲಿ 4, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಪೊಟ್ಟಣಗಳ ಮೇಲೆ 'ಕಿಲೋ ಕ್ಯಾಲೊರಿ' ಎಂದು ಮುದ್ರಿಸಿರುವುದೂ ನಾವು ಮಾತಿನಲ್ಲಿ 'ಕ್ಯಾಲೊರಿ' ಎನ್ನುವುದೂ ಒಂದೇ.

ತೂಕ ಇಳಿಸಲು ಕ್ಯಾಲೊರಿ ಎಣಿಸಿರಿ ಎಂದು ಸಾಮಾನ್ಯ ಜನರಿಗೆ ಮೊದಲು ಹೇಳಿ ಪ್ರಸಿದ್ಧರಾದವರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಒಬ್ಬರು. 1918ರಲ್ಲಿ ಬಂದ ಅವರ ಪುಸ್ತಕ ಅಲ್ಲಿ ಬಹಳ ಮಾರಾಟವಾಯಿತು. ತೂಕ ಇಳಿಸುವವರಿಗೆ ಅವರು ಹೇಳಿದ ಮಿತಿಯೂ ದಿನಕ್ಕೆ 1200 ಕ್ಯಾಲೊರಿ. ನೂರು ವರ್ಷ ಕಳೆದರೂ ಅದೇ ಸಂಖ್ಯೆ ನಮ್ಮ ಮೊಬೈಲುಗಳಲ್ಲಿ ಓಡಾಡುತ್ತಿದೆ. ಅದು ಎಲ್ಲ ದೇಹಗಳಿಗೂ ಹೊಂದುವಂಥದ್ದಲ್ಲ ಎಂಬುದಕ್ಕೆ ಒಂದೇ ಮನೆಯ ಮೂವರನ್ನು ನೋಡಿದರೆ ಸಾಕು. ಅದಕ್ಕೂ ಮೊದಲು ಲೆಕ್ಕ ಮಾಡುವ ಕ್ರಮ ತಿಳಿಯೋಣ.

ನಿಮ್ಮ ದೇಹದ ಖರ್ಚು

ನೀವು ಇಡೀ ದಿನ ಹಾಸಿಗೆಯಲ್ಲೇ ಇದ್ದರೂ ಹೃದಯ, ಮೆದುಳು, ಯಕೃತ್ತು ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ 'ಮಿಫ್ಲಿನ್-ಸೇಂಟ್ ಜಿಯೋರ್' ಸೂತ್ರವನ್ನು ಆಹಾರ ತಜ್ಞರು ಇಂದಿಗೂ ಬಳಸುತ್ತಾರೆ. ಕಾಗದ, ಪೆನ್ನು ಇದ್ದರೆ ಮನೆಯಲ್ಲೇ ಮಾಡಬಹುದು.

ನಿಮ್ಮ ತೂಕವನ್ನು (ಕೆ.ಜಿ.) 10ರಿಂದ ಗುಣಿಸಿ. ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ. ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ, ಬಂದದ್ದನ್ನು ಅದರಿಂದ ಕಳೆಯಿರಿ. ಕೊನೆಗೆ ಮಹಿಳೆಯರು 161 ಕಳೆಯಬೇಕು, ಪುರುಷರು 5 ಕೂಡಿಸಬೇಕು.

ಮೇಲೆ ಹೇಳಿದ ತಾಯಿಯದ್ದನ್ನೇ ಮಾಡೋಣ. 740 ಮತ್ತು 969 ಕೂಡಿಸಿದರೆ 1709. ವಯಸ್ಸಿನ ಲೆಕ್ಕ 210, ಜೊತೆಗೆ 161 ಕಳೆದರೆ ಸುಮಾರು 1340. ಇದು ಮಲಗಿದ್ದರೂ ಅವರಿಗೆ ಬೇಕಾದ ಶಕ್ತಿ.

ಆದರೆ ಅವರು ಮಲಗಿಲ್ಲವಲ್ಲ! ಆದ್ದರಿಂದ ಇದನ್ನು ದಿನದ ಚಟುವಟಿಕೆಗೆ ತಕ್ಕಂತೆ ಗುಣಿಸಬೇಕು. ಅಂಗಡಿಯಲ್ಲೋ ಕಚೇರಿಯಲ್ಲೋ ಕೂತೇ ಇರುವವರು 1.2ರಿಂದ, ಮನೆಗೆಲಸ, ಸ್ವಲ್ಪ ನಡಿಗೆ ಇರುವವರು 1.375ರಿಂದ, ವಾರದಲ್ಲಿ ಮೂರರಿಂದ ಐದು ದಿನ ಚೆನ್ನಾಗಿ ವ್ಯಾಯಾಮ ಮಾಡುವವರು 1.55ರಿಂದ ಗುಣಿಸುತ್ತಾರೆ. ಆ ತಾಯಿಯ ಲೆಕ್ಕ 1340ನ್ನು 1.375ರಿಂದ ಗುಣಿಸಿದರೆ ಸುಮಾರು 1840. ದಿನಕ್ಕೆ ಇಷ್ಟು ತಿಂದರೆ ಅವರ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಇದು ಅಂದಾಜು ಮಾತ್ರ. ಸೂತ್ರ ಹೇಳಿದ್ದಕ್ಕೂ ನಿಜವಾದದ್ದಕ್ಕೂ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಸಾಮಾನ್ಯ. ಕೆಲವರಲ್ಲಿ ಇನ್ನೂ ಹೆಚ್ಚಿರುತ್ತದೆ. ಆದ್ದರಿಂದ ಬಂದ ಸಂಖ್ಯೆಯನ್ನು ಹೊರಡುವ ಜಾಗವೆಂದು ತಿಳಿಯಿರಿ.

ಒಂದು ಮನೆ, ಮೂರು ಉತ್ತರ

ಈಗ ಆ 1200ರ ಚಾರ್ಟನ್ನು ಮೂವರಿಗೆ ಹಚ್ಚಿ ನೋಡಿ.

ಮೊದಲನೆಯವರು ಈ ತಾಯಿ. ಖರ್ಚು 1840, ತಿನ್ನುವುದು 1200. ಕೊರತೆ 640. ಅಂದರೆ ದೇಹಕ್ಕೆ ಬೇಕಾದುದರ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕಡಿತ.

ಎರಡನೆಯವನು ಅದೇ ಮನೆಯ 22 ವರ್ಷದ ಮಗ ಎಂದಿಟ್ಟುಕೊಳ್ಳಿ. ಎತ್ತರ 175 ಸೆಂ.ಮೀ., ತೂಕ 95 ಕೆ.ಜಿ. ಅವನ ದಿನದ ಖರ್ಚು ಸುಮಾರು 2670. ಅಮ್ಮನ ಚಾರ್ಟನ್ನೇ ಹಿಡಿದರೆ ಅವನಿಗೆ ದಿನಕ್ಕೆ 1470 ಕ್ಯಾಲೊರಿ ಕೊರತೆ. ಇದು ಡಯಟ್ ಅಲ್ಲ, ಹಸಿವಿನಿಂದ ಬಳಲುವುದು.

ಮೂರನೆಯವರು ಮನೆಯ ಅಜ್ಜಿ. ವಯಸ್ಸು 60, ಎತ್ತರ 148 ಸೆಂ.ಮೀ., ತೂಕ 58 ಕೆ.ಜಿ., ಮಂಡಿನೋವಿನಿಂದ ಹೆಚ್ಚು ಓಡಾಟವಿಲ್ಲ. ಅವರ ಖರ್ಚು ಸುಮಾರು 1250 ಮಾತ್ರ. 1200 ತಿಂದರೂ ಅವರ ತೂಕ ಇಳಿಯುವುದು ಕಷ್ಟ. ಆಗ "ನಾನು ಇಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ" ಎಂದು ಅವರು ಹೇಳಿದರೆ ಯಾರೂ ನಂಬುವುದಿಲ್ಲ.

ಒಂದೇ ಸಂಖ್ಯೆ. ಒಬ್ಬರಿಗೆ ಬಳಲಿಕೆ, ಇನ್ನೊಬ್ಬನಿಗೆ ಅಪಾಯ, ಮತ್ತೊಬ್ಬರಿಗೆ ಪ್ರಯೋಜನವೇ ಇಲ್ಲ. ಪಕ್ಕದ ಮನೆಯವರ ಚಪ್ಪಲಿ ನಮ್ಮ ಕಾಲಿಗೆ ಸರಿಹೋಗದಿದ್ದರೆ ನಾವು ಕಾಲನ್ನು ಬೈಯುವುದಿಲ್ಲ.

ಎಷ್ಟು ಕಡಿಮೆ ಮಾಡಬೇಕು?

ವೈದ್ಯರು ಸಾಮಾನ್ಯವಾಗಿ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಲು ಹೇಳುತ್ತಾರೆ. ನನ್ನ ಸಲಹೆ ಅದಕ್ಕಿಂತ ಸ್ವಲ್ಪ ಮೃದು. ನಿಮ್ಮ ಖರ್ಚಿನ ಐದನೇ ಒಂದು ಭಾಗವನ್ನಷ್ಟೇ ಕಳೆಯಿರಿ. ಆಗ ದೊಡ್ಡ ದೇಹದವರಿಗೆ ದೊಡ್ಡ ಕಡಿತ, ಸಣ್ಣವರಿಗೆ ಸಣ್ಣ ಕಡಿತ ತಾನಾಗಿಯೇ ಬರುತ್ತದೆ. ಆ ತಾಯಿಗೆ 1840ರಲ್ಲಿ ಸುಮಾರು 370 ಕಳೆದರೆ 1470. ಮಗನಿಗೆ ಸುಮಾರು 2130. ಅಂಗಡಿಯಲ್ಲಿ ಕೂರುವ, 46 ವರ್ಷದ, 170 ಸೆಂ.ಮೀ. ಎತ್ತರದ, 84 ಕೆ.ಜಿ. ತೂಕದ ತಂದೆಗೆ ಸುಮಾರು 1610.

ಇದಕ್ಕೊಂದು ಬೇಲಿಯೂ ಬೇಕು. ವೈದ್ಯರನ್ನು ಕೇಳದೆ ಮಹಿಳೆಯರು 1200ಕ್ಕಿಂತ, ಪುರುಷರು 1500ಕ್ಕಿಂತ ಕೆಳಗೆ ಇಳಿಯಬಾರದು. ಅಜ್ಜಿಯ ಲೆಕ್ಕ ಬೇಲಿಯ ಆಚೆ ಹೋಗುತ್ತದೆ. ಆದ್ದರಿಂದ ಅವರಿಗೆ ಊಟ ಕಡಿಮೆ ಮಾಡುವ ದಾರಿಯೇ ಸೂಕ್ತವಲ್ಲ. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮ, ಅಂಗಳದಲ್ಲಿ ಎರಡು ಸಲ ನಡಿಗೆ, ತಟ್ಟೆಯಲ್ಲಿ ಮೊಟ್ಟೆ, ಮೀನು, ಬೇಳೆ ಇವೇ ಅವರಿಗೆ ಹೆಚ್ಚು ಉಪಕಾರಿ. ವಯಸ್ಸಾದವರು ಬರಿದೇ ಹಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಆಮೇಲೆ ಬೀಳುವುದು, ಮೂಳೆ ಮುರಿಯುವುದು.

"ಇಷ್ಟು ನಿಧಾನ ಯಾಕೆ? ಬೇಗ ಇಳಿಸಿ ಮುಗಿಸಿಬಿಡಬಾರದೇ?" ಎಂದು ನೀವು ಕೇಳಬಹುದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಯುದ್ಧದಿಂದ ಹಸಿದ ಯುರೋಪಿನ ಜನರನ್ನು ಹೇಗೆ ಉಪಚರಿಸಬೇಕೆಂದು ತಿಳಿಯುವುದು ಅದರ ಉದ್ದೇಶ. ಆ ಯುವಕರಿಗೆ 24 ವಾರ ಅವರು ಮೊದಲು ತಿನ್ನುತ್ತಿದ್ದುದರ ಸುಮಾರು ಅರ್ಧ, ಅಂದರೆ ದಿನಕ್ಕೆ ಸುಮಾರು 1570 ಕ್ಯಾಲೊರಿ ಮಾತ್ರ ಕೊಟ್ಟರು. ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಸದಾ ಚಳಿ, ಸುಸ್ತು, ಸಿಟ್ಟು, ಖಿನ್ನತೆ, ಹಗಲು ರಾತ್ರಿ ಊಟದ್ದೇ ಯೋಚನೆ. ಪ್ರಯೋಗ ಮುಗಿದ ಮೇಲೂ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗುತ್ತಿರಲಿಲ್ಲ. ಅವರು ತೆಳ್ಳಗಿನ ಯುವಕರಾಗಿದ್ದರು, ನಮ್ಮ ಸ್ಥಿತಿ ಬೇರೆ, ಸರಿ. ಆದರೂ ರಾತ್ರಿ ಅಡುಗೆಮನೆಯಲ್ಲಿ ನಿಂತು ಬಿರಿಯಾನಿ ತಿಂದ ಆ ತಾಯಿಯನ್ನು ನೆನೆದಾಗ ನನಗೆ ಈ ಯುವಕರು ನೆನಪಾಗುತ್ತಾರೆ. ಹಸಿವನ್ನು ಮಿತಿಮೀರಿ ಹಿಡಿದಿಟ್ಟರೆ ದೇಹ ಒಂದಲ್ಲ ಒಂದು ದಿನ ತಿರುಗಿ ಕೇಳುತ್ತದೆ.

ಇನ್ನೊಂದು ಮಾತು. ಮೊದಲ ಹತ್ತು ದಿನಗಳಲ್ಲಿ ಇಳಿದ ಆ ಮೂರು ಕೆ.ಜಿ. ಬಹುಪಾಲು ಕೊಬ್ಬಲ್ಲ, ನೀರು. ದೇಹವು ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ತನ್ನ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿರುತ್ತದೆ. ಊಟ ಕಡಿಮೆಯಾದ ಕೂಡಲೇ ಅದು ಖಾಲಿಯಾಗುತ್ತದೆ, ಮತ್ತೆ ಉಂಡಾಗ ತುಂಬುತ್ತದೆ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇದೆ. ದಿನಕ್ಕೆ 370ರ ಕೊರತೆಯಲ್ಲಿ ವಾರಕ್ಕೆ 300 ಗ್ರಾಂ ಆಸುಪಾಸು ಕೊಬ್ಬು ಕರಗುತ್ತದೆ. ಮೂರು ತಿಂಗಳಿಗೆ ಮೂರು, ಮೂರೂವರೆ ಕೆ.ಜಿ. ಇದು ಸಣ್ಣದೆಂದು ಹೀಗಳೆಯಬೇಡಿ. ತೂಕದ ನೂರಕ್ಕೆ ಐದು ಭಾಗ ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಸುಧಾರಿಸಲು ತೊಡಗುತ್ತವೆ. ಬದಲಾಗಿ ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲುಗಳ ಸಾಧ್ಯತೆ ಹೆಚ್ಚು.

ಕಡಿತ ಎಲ್ಲಿಂದ?

ಸಂಖ್ಯೆ ಸಿಕ್ಕಿತು. ಇನ್ನು ಪ್ರತಿ ತುತ್ತನ್ನೂ ತೂಗಬೇಕೇ? ಬೇಡ. ತಿಂಗಳುಗಳಿಂದ ತೂಕ ಏರದೆ ಇಳಿಯದೆ ನಿಂತಿದ್ದರೆ ನೀವು ತಿನ್ನುತ್ತಿರುವುದೂ ಖರ್ಚಾಗುತ್ತಿರುವುದೂ ಸಮ ಎಂದೇ ಅರ್ಥ. ಈಗಿನ ಊಟದಿಂದ ಆ ಐದನೇ ಒಂದು ಭಾಗವನ್ನು ಹುಡುಕಿ ತೆಗೆದರೆ ಸಾಕು.

ಮೊದಲು ಎಣ್ಣೆಯ ಕ್ಯಾನ್ ನೋಡಿ. ಐದು ಮಂದಿಯ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿದರೆ ತಲೆಗೊಂದು ಲೀಟರ್. ಒಂದು ಲೀಟರ್‌ನಲ್ಲಿ 8200 ಕ್ಯಾಲೊರಿಯಷ್ಟಿದೆ. ಅಂದರೆ ಒಬ್ಬರಿಗೆ ದಿನಕ್ಕೆ ಸುಮಾರು 275 ಕ್ಯಾಲೊರಿ ಬರೀ ಎಣ್ಣೆಯಿಂದ. ತುಪ್ಪ, ತೆಂಗಿನಕಾಯಿ, ಮಾಂಸದ ಕೊಬ್ಬು ಇದರಲ್ಲಿ ಸೇರಿಲ್ಲ. ಅದೇ ಮನೆ ಮೂರು ಲೀಟರಿನಲ್ಲಿ ಅಡುಗೆ ನಡೆಸಿದರೆ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು 110 ಕ್ಯಾಲೊರಿ ಕಡಿಮೆಯಾಗುತ್ತದೆ. ಇದು ಅಡುಗೆ ಮಾಡುವವರು ಒಬ್ಬರೇ ಅನುಭವಿಸುವ ಪಥ್ಯವಲ್ಲ, ಇಡೀ ಮನೆಯದ್ದು. ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ 120 ಕ್ಯಾಲೊರಿ.

ಎರಡನೆಯದು ಚಹಾ. ದಿನಕ್ಕೆ ನಾಲ್ಕು ಕಪ್, ಪ್ರತಿ ಕಪ್‌ಗೆ ಎರಡು ಚಮಚ ಸಕ್ಕರೆ ಎಂದಾದರೆ ಎಂಟು ಚಮಚ. ಕಪ್‌ಗೆ ಅರ್ಧ ಚಮಚಕ್ಕೆ ಇಳಿಸಿದರೆ ಸುಮಾರು 110 ಕ್ಯಾಲೊರಿ ಉಳಿಯುತ್ತದೆ. ಒಮ್ಮೆಲೇ ಬೇಡ, ವಾರಕ್ಕೆ ಕಾಲು ಚಮಚದಂತೆ ಇಳಿಸಿ. ನಾಲಿಗೆ ಒಗ್ಗಿಕೊಳ್ಳುತ್ತದೆ.

ಮೂರನೆಯದು ಅನ್ನ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ. ಒಂದು ಹೊತ್ತಿನಲ್ಲಿ 120 ಗ್ರಾಂ, ಅಂದರೆ ಒಂದು ಸಣ್ಣ ಬಟ್ಟಲಿನಷ್ಟು ಕಡಿಮೆ ಮಾಡಿದರೆ 155 ಕ್ಯಾಲೊರಿ. ಕುಚ್ಚಲಕ್ಕಿಯಾದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿದೆ. ತೌಡು ಉಳಿದ ಕೆಂಪಕ್ಕಿಯಲ್ಲಿ ನಾರಿನಂಶ ಹೆಚ್ಚು, ಒಳ್ಳೆಯದೇ. ಆದರೆ ಕ್ಯಾಲೊರಿಯಲ್ಲಿ ಬೆಳ್ತಿಗೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕೂಡಿಸಿ ನೋಡಿ. 110, 110, 155. ಒಟ್ಟು 375. ಆ ತಾಯಿಗೆ ಬೇಕಾಗಿದ್ದ ಕಡಿತ ಇಷ್ಟೇ! ಚಪಾತಿ, ಸೌತೆಕಾಯಿಯ ಶಿಕ್ಷೆಯೂ ಬೇಕಿರಲಿಲ್ಲ, ಬೇರೆ ಅಡುಗೆಯೂ ಬೇಕಿರಲಿಲ್ಲ. ಖಾಲಿಯಾದ ಅನ್ನದ ಜಾಗಕ್ಕೆ ತರಕಾರಿ ಪಲ್ಯ ಬರಲಿ. ಮೀನು, ಮೊಟ್ಟೆ, ಬೇಳೆ, ಕಡಲೆ, ಚರ್ಮ ತೆಗೆದ ಕೋಳಿ ಇವುಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಹೊಟ್ಟೆ ತುಂಬಿದಂತೆ ಇಡುವುದೂ ಸ್ನಾಯುವನ್ನು ಉಳಿಸುವುದೂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಕ್ಯಾಲೊರಿ 70ರಷ್ಟು ಮಾತ್ರ. ನಮ್ಮ ಬಂಗುಡೆ, ಬೂತಾಯಿಯನ್ನು ಕರಿಯದೆ ಸಾರು ಮಾಡಿದರೆ ಅದಕ್ಕಿಂತ ಒಳ್ಳೆಯ ಡಯಟ್ ಆಹಾರ ಯಾವ ಡಬ್ಬಿಯಲ್ಲೂ ಬರುವುದಿಲ್ಲ. ತೆಂಗಿನ ತುರಿ ಮಾತ್ರ ಹಿತಮಿತವಾಗಿರಲಿ, 100 ಗ್ರಾಂ ತುರಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲೊರಿ ಇದೆ.

ತಿಂಗಳಿಗೊಮ್ಮೆ ತಿದ್ದುಪಡಿ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಪ್ರತಿದಿನ ನೋಡಿ ಕೊರಗಬೇಡಿ. ಉಪ್ಪು ಹೆಚ್ಚಾದರೂ, ಮುಟ್ಟಿನ ದಿನಗಳಲ್ಲೂ ದೇಹದಲ್ಲಿ ನೀರು ನಿಂತು ಒಂದೆರಡು ಕೆ.ಜಿ. ಏರಿದಂತೆ ಕಾಣಬಹುದು. ಜೊತೆಗೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ. ಭಾರತೀಯರಲ್ಲಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ. ತೂಕ ನಿಂತರೂ ಟೇಪು ಇಳಿಯುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ನಾಲ್ಕು ವಾರ ಕಳೆದರೂ ತೂಕವಾಗಲಿ ಟೇಪಾಗಲಿ ಕದಲದಿದ್ದರೆ ಕೂಡಲೇ ಊಟ ಕಡಿಮೆ ಮಾಡಬೇಡಿ. ಮೊದಲು ಲೆಕ್ಕವನ್ನೇ ಪರೀಕ್ಷಿಸಿ. 1992ರಲ್ಲಿ ಅಮೆರಿಕದ ಸಂಶೋಧಕರು "ನಾವು ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುವುದಿಲ್ಲ" ಎನ್ನುತ್ತಿದ್ದ ಸ್ಥೂಲಕಾಯದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಅವರ ದೇಹದ ಖರ್ಚು ಸರಿಯಾಗಿಯೇ ಇತ್ತು. ಆದರೆ ತಿಂದದ್ದರಲ್ಲಿ ಸರಾಸರಿ ಅರ್ಧದಷ್ಟು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಸುಳ್ಳುಗಾರರೆಂದಲ್ಲ. ಉಪ್ಪು ನೋಡಲೆಂದು ಬಾಯಿಗೆ ಹಾಕಿದ ತುಂಡು, ಮಗು ಬಿಟ್ಟ ಅರ್ಧ ಪರೋಟ, ಹೋದಲ್ಲೆಲ್ಲ ಕೊಟ್ಟ ಬಿಸ್ಕತ್ತು ಇವು ಯಾರ ನೆನಪಲ್ಲೂ ಉಳಿಯುವುದಿಲ್ಲ. ಒಂದು ವಾರ ಎಲ್ಲವನ್ನೂ ಬರೆದಿಟ್ಟು ನೋಡಿ. ಆ ಮೇಲೂ ಇಳಿಯದಿದ್ದರೆ 100 ಕ್ಯಾಲೊರಿ ಕಡಿಮೆ ಮಾಡಿ, ಇಲ್ಲವೇ ಅರ್ಧ ಗಂಟೆ ನಡಿಗೆ ಸೇರಿಸಿ. ಜೊತೆಗೆ ವೈದ್ಯರ ಸಲಹೆ ಪಡೆದು ಒಮ್ಮೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಬದಲಾಗಿ, ಮೊದಲ ಎರಡು ವಾರಗಳ ನಂತರವೂ ವಾರಕ್ಕೊಂದು ಕೆ.ಜಿ. ಮೀರಿ ಇಳಿಯುತ್ತಿದ್ದರೆ, ತಲೆಸುತ್ತು, ವಿಪರೀತ ಕೂದಲು ಉದುರುವಿಕೆ ಇದ್ದರೆ, ಮುಟ್ಟು ತಪ್ಪಿದರೆ ಊಟ ಹೆಚ್ಚಿಸಿ, ವೈದ್ಯರನ್ನು ಕಾಣಿ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಆ ತಾಯಿ 68 ಕೆ.ಜಿ.ಗೆ ಬಂದಾಗ ಅವರ ಖರ್ಚು 1840 ಅಲ್ಲ, ಸುಮಾರು 1760. ಆದ್ದರಿಂದ ಐದಾರು ಕೆ.ಜಿ. ಇಳಿದಾಗಲೆಲ್ಲ ಲೆಕ್ಕ ಹೊಸದಾಗಿ ಮಾಡಬೇಕು. ಇಳಿಕೆ ನಿಧಾನವಾಗುವುದು ನಿಮ್ಮ ಸೋಲಲ್ಲ, ಗಣಿತ.

ರಮಝಾನ್‌ನಲ್ಲಿ

ಹಗಲಿಡೀ ಉಪವಾಸವಿದ್ದೂ ತಿಂಗಳ ಕೊನೆಗೆ ತೂಕ ಏರಿದವರು ನಮ್ಮಲ್ಲಿ ಅನೇಕರಿದ್ದಾರೆ. ದೇಹ ಲೆಕ್ಕ ಹಾಕುವುದು 24 ಗಂಟೆಗೆ. 1470 ನಿಮ್ಮ ಸಂಖ್ಯೆಯಾದರೆ ಅದು ಸಹರಿ, ಇಫ್ತಾರ್ ಮತ್ತು ರಾತ್ರಿಯೂಟಕ್ಕೆ ಹಂಚಿಕೆಯಾಗಬೇಕು. ಸಾಮಾನ್ಯ ಗಾತ್ರದ ಮೂರು ಖರ್ಜೂರ ಸುಮಾರು 70 ಕ್ಯಾಲೊರಿ, ಅದು ತೊಂದರೆಯಲ್ಲ. ಕರಿದ ಸಮೋಸ ಒಂದೊಂದು 150ರಿಂದ 250. ಐದು ಚಮಚ ಸಕ್ಕರೆ ಹಾಕಿದ ಒಂದು ಗ್ಲಾಸ್ ಶರಬತ್‌ನಲ್ಲಿ ಸಕ್ಕರೆಯದೇ 100. ಎರಡು ಸಮೋಸ, ಎರಡು ಗ್ಲಾಸ್ ಶರಬತ್ ಆಗುವಾಗ ಊಟಕ್ಕೆ ಮೊದಲೇ ದಿನದ ಪಾಲಿನಲ್ಲಿ ಮೂರನೇ ಒಂದು ಭಾಗ ಮುಗಿದಿರುತ್ತದೆ. ಹೊಟ್ಟೆಯನ್ನು ಪೂರ್ತಿ ತುಂಬಿಸಬಾರದೆಂಬ ಪ್ರವಾದಿ(ಸ)ರ ಶಿಕ್ಷಣ ನಮಗೆಲ್ಲ ಗೊತ್ತು. ಆದರೆ ಇಫ್ತಾರ್‌ನ ಹೊತ್ತಿಗೆ ಅದು ನೆನಪಾಗುವುದು ಸ್ವಲ್ಪ ಕಷ್ಟ! ಖರ್ಜೂರ, ನೀರು, ಹಣ್ಣು ತಿಂದು ನಮಾಝ್ ಮುಗಿಸಿ ಬಂದು ಊಟಕ್ಕೆ ಕೂತರೆ ಅರ್ಧ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಸಹರಿ ಬಿಡುವುದರಿಂದ ತೂಕ ಇಳಿಯುತ್ತದೆಂಬ ಯೋಚನೆ ಬೇಡ. ಅದು ಸಂಜೆಯ ಹಸಿವನ್ನು ಹೆಚ್ಚಿಸುತ್ತದೆ.

ಇವರು ಲೆಕ್ಕಕ್ಕೆ ಇಳಿಯಬಾರದು

ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಕ್ಯಾಲೊರಿ ಕಡಿಮೆ ಮಾಡಲೇಬಾರದು. ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 350, ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. "ಬಾಣಂತನ ಮುಗಿಯಿತು, ಇನ್ನೂ ಹೊಟ್ಟೆ ಇಳಿದಿಲ್ಲವಲ್ಲ" ಎಂದು ಸೊಸೆಗೆ ಹೇಳುವ ಮೊದಲು ಅತ್ತೆಯಂದಿರು ಇದನ್ನು ನೆನಪಿಡಬೇಕು. ಬೆಳೆಯುವ ಹುಡುಗ ಹುಡುಗಿಯರ ಕೈಗೂ ಕ್ಯಾಲೊರಿಯ ಚಾರ್ಟ್ ಕೊಡಬೇಡಿ. ಅವರಿಗೆ ಆಟ, ಮನೆಯೂಟ, ನಿದ್ದೆ ಸಾಕು. ತೂಕದ ಬಗ್ಗೆ ಚುಚ್ಚುಮಾತು ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ ಮಧುಮೇಹಿಗಳು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಊಟ ಮಾತ್ರ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ಮಾತು ತಡವರಿಸುವುದು ಅದರ ಲಕ್ಷಣಗಳು. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮಾತಾಡಿ. ರಕ್ತದೊತ್ತಡದ ಮಾತ್ರೆ ನುಂಗುವವರಿಗೂ ತೂಕ ಇಳಿದಂತೆ ಪ್ರಮಾಣ ಕಡಿಮೆ ಮಾಡಬೇಕಾಗಿ ಬರಬಹುದು.

ಬ್ರಿಟನ್‌ನಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಾನೀಯದಲ್ಲೇ ಮೂರರಿಂದ ಐದು ತಿಂಗಳು ಕಳೆದ ಮಧುಮೇಹಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷದ ಕೊನೆಗೆ ಔಷಧವಿಲ್ಲದೆ ಇರುವಂತಾಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ತೋರಿಸಿ ಕೆಲವರು "ಕಡಿಮೆ ತಿಂದಷ್ಟೂ ಒಳ್ಳೆಯದು" ಎನ್ನುತ್ತಾರೆ. ನಿಜ, ಫಲಿತಾಂಶ ಒಳ್ಳೆಯದೇ. ಆದರೆ ಅಲ್ಲಿ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು, ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಪ್ರತಿ ಹಂತದಲ್ಲೂ ನೋಡಿಕೊಳ್ಳುತ್ತಿದ್ದರು. ಫ್ರಿಜ್‌ಗೆ ಅಂಟಿಸಿದ ಚಾರ್ಟ್ ನಿಮ್ಮನ್ನು ನೋಡಿಕೊಳ್ಳುವುದಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ ಪ್ರೀತಿಯಿಂದ ಡಯಟ್ ಚಾರ್ಟ್ ಕಳುಹಿಸಿದರೆ ಕೃತಜ್ಞತೆ ಹೇಳಿ, ಬದಿಗಿಡಿ. ಒಂದು ಕಾಗದ ತೆಗೆದುಕೊಂಡು ನಿಮ್ಮ ತೂಕ, ಎತ್ತರ, ವಯಸ್ಸು ಬರೆಯಿರಿ. ಮನೆಯವರೆಲ್ಲರದ್ದೂ ಬರೆಯಿರಿ, ಎಲ್ಲರಿಗೆ ಬಡಿಸಿ ಕೊನೆಗೆ ಉಣ್ಣುವವರದ್ದನ್ನು ಮರೆಯಬೇಡಿ. ಐದನೇ ಒಂದು ಭಾಗ ಕಳೆಯಿರಿ. ಎಣ್ಣೆ, ಸಕ್ಕರೆ, ಅನ್ನ ಈ ಮೂರರಲ್ಲಿ ಅದನ್ನು ಹುಡುಕಿ. ಮದುವೆಗೆ ಮೂರು ತಿಂಗಳಿರುವಾಗ ಹತ್ತು ಕೆ.ಜಿ. ಇಳಿಸುವ ಹಠ ಬಿಡಿ. ಫೋಟೋದಲ್ಲಿ ತೆಳ್ಳಗೆ ಕಾಣುವುದಕ್ಕಿಂತ ಮಗಳನ್ನು ಕಳುಹಿಸಿಕೊಡುವ ದಿನ ತಲೆ ಸುತ್ತದೆ ಗಟ್ಟಿಯಾಗಿ ನಿಂತಿರುವುದು ದೊಡ್ಡದು.